ನಿಮಗಿದು ಗೊತ್ತೆ? ಪ್ಲೇಟ್‌ಲೆಟ್ ಎಣಿಸುವ ಎಲೆಕ್ಟ್ರೋಡ್
ಡೆಂಗಿ ಕಾಲದಲ್ಲಿ ಹೊಸೂರು, ತಳಿ, ದೆಂಕಣಿಕೋಟೆಯ ಮನೆಗಳಲ್ಲೂ ಎಲ್ಲರೂ ಕೇಳುವ ಮಾತು ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂದೇ. ರಕ್ತ ಹೆಪ್ಪುಗಟ್ಟಲು ನೆರವಾಗುವ ಈ ಕಣಗಳ ಲೆಕ್ಕವನ್ನು ಬಹುತೇಕ ಲ್ಯಾಬ್ ಯಂತ್ರಗಳು ಕೊಡುವುದು ಎರಡು ಎಲೆಕ್ಟ್ರೋಡುಗಳ ನೆರವಿನಿಂದ.

ಉಪ್ಪಿನ ದ್ರಾವಣದಲ್ಲಿ ತೆಳುಮಾಡಿದ ರಕ್ತವನ್ನು ಕೂದಲೆಳೆ ದಪ್ಪದ ರಂಧ್ರದ ಮೂಲಕ ಹಾಯಿಸಲಾಗುತ್ತದೆ. ರಂಧ್ರದ ಆಚೆಗೊಂದು, ಈಚೆಗೊಂದು ಎಲೆಕ್ಟ್ರೋಡ್. ನಡುವೆ ವಿದ್ಯುತ್ ಹರಿಯುತ್ತಿರುತ್ತದೆ. ರಕ್ತಕಣ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದು. ಹಾಗಾಗಿ ಒಂದೊಂದು ಕಣ ನುಸುಳಿದಾಗಲೂ ತಡೆ ಕ್ಷಣಮಾತ್ರ ಏರಿ ಒಂದು ಮಿಡಿತ ದಾಖಲಾಗುತ್ತದೆ. ಎಷ್ಟು ಮಿಡಿತವೋ ಅಷ್ಟು ಕಣ. ಮಿಡಿತದ ಎತ್ತರ ಕಣದ ಗಾತ್ರವನ್ನು ಹೇಳುತ್ತದೆ: ಮನುಷ್ಯರ ಕೆಂಪು ಕಣ ಸುಮಾರು 90 ಫೆಮ್ಟೊಲೀಟರ್ (ಅತಿ ಸೂಕ್ಷ್ಮ ಗಾತ್ರದ ಅಳತೆ), ಪ್ಲೇಟ್‌ಲೆಟ್ ಸುಮಾರು 10.

ಈ ವಿಧಾನವನ್ನು ರೂಪಿಸಿದವರು ಅಮೆರಿಕದ ವಾಲೆಸ್ ಕೋಲ್ಟರ್. ಪೇಟೆಂಟ್ ಸಿಕ್ಕಿದ್ದು 1953ರಲ್ಲಿ. ಅಲ್ಲಿಯವರೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕಣಗಳನ್ನು ಒಂದೊಂದಾಗಿ ಎಣಿಸಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಸಿಂಗಪುರದಿಂದ ಸರಕು ಹಡಗು ಹತ್ತಿ ಪಾರಾದ ಕೋಲ್ಟರ್ ಮೊದಲು ಬಂದಿಳಿದದ್ದು ಭಾರತಕ್ಕೇ.

ದನ, ಆಡು ಸಾಕುವ ಈ ಸೀಮೆಯವರು ತಿಳಿದಿರಬೇಕಾದ್ದು ಇನ್ನೊಂದಿದೆ. ಆಡಿನ ಕೆಂಪು ಕಣ ಬಲು ಚಿಕ್ಕದು, ಸುಮಾರು 20 ಫೆಮ್ಟೊಲೀಟರ್. ಮನುಷ್ಯರ ರಕ್ತಕ್ಕೆ ಹೊಂದಿಸಿದ ಯಂತ್ರ ಅದನ್ನು ಪ್ಲೇಟ್‌ಲೆಟ್ ಎಂದೇ ಎಣಿಸಿಬಿಡಬಹುದು. ಪಶುವೈದ್ಯರಿಗೆ ಬೇರೆಯದೇ ಹೊಂದಾಣಿಕೆ ಬೇಕು.

ನಮ್ಮ ರಕ್ತದಲ್ಲೂ ಯಂತ್ರ ಎಡವುವುದುಂಟು. ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲಿ ಗಂಟುಕಟ್ಟಿದರೆ ಲೆಕ್ಕ ಕಡಿಮೆ ಬರುತ್ತದೆ. ಸಂಶಯ ಬಂದಾಗ ಗಾಜಿನ ಮೇಲೆ ರಕ್ತ ಸವರಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿಯೇ ಖಚಿತಪಡಿಸುತ್ತಾರೆ.