ದಾದಿಯ ವಿದ್ಯೆಗೆ ಮುನ್ನಿನ ವಿದ್ಯೆ

ಮನೆ ಕಟ್ಟಿಸುವವರು ಅಸ್ತಿಭಾರದ ವೆಚ್ಚವನ್ನು ಲೆಕ್ಕದಿಂದ ಬಿಡುವುದಿಲ್ಲ. ವಿದ್ಯೆಯ ವಿಷಯದಲ್ಲಿ ಮಾತ್ರ ನಾವು ಬಹುಮಂದಿ ಹಾಗೆ ಬಿಟ್ಟುಬಿಡುವುದುಂಟು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ದಾದಿಯ ಶಿಕ್ಷಣಕ್ಕೆ ಎಷ್ಟು ಕಾಲ ಬೇಕೆಂದು ಕೇಳಿದರೆ, ಕಮ್ಯೂನಿಟಿ ಕಾಲೇಜಿನ ಅಸೋಸಿಯೇಟ್ ಪದವಿಗೆ ಎರಡು ವರ್ಷ, ವಿಶ್ವವಿದ್ಯಾನಿಲಯದ ಬ್ಯಾಚುಲರ್ ಪದವಿಗೆ ನಾಲ್ಕು ವರ್ಷ ಎಂಬ ಉತ್ತರ ಬರುತ್ತದೆ. ಉತ್ತರವು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ದಾದಿಯ ತರಗತಿಯ ಬಾಗಿಲು ತೆರೆಯುವುದಕ್ಕೆ ಮೊದಲೇ ಓದಿ ತೇರ್ಗಡೆಯಾಗಿರಬೇಕಾದ ಕೆಲವು ಕಾಲೇಜು ಪಾಠಗಳುಂಟು. ಅಲ್ಲಿನವರು ಇವನ್ನು ಪ್ರಿರಿಕ್ವಿಸಿಟ್ ಎನ್ನುತ್ತಾರೆ, ನಾವು ಪೂರ್ವಪಾಠಗಳೆನ್ನೋಣ. ಅವು ಯಾವುವು, ಏತಕ್ಕಾಗಿ ಇವೆ, ಅವುಗಳ ಕ್ರಮವನ್ನರಿಯದವರಿಗೆ ಆಗುವ ನಷ್ಟವೇನು ಎಂಬುದನ್ನು ಈ ಹೊತ್ತು ಶ್ರೋತೃಗಳೊಡನೆ ವಿಚಾರಮಾಡಬೇಕೆಂದಿದ್ದೇವೆ. ದಾದಿ ಎಂಬ ಮಾತಿನಲ್ಲಿ ಪುರುಷರೂ ಸೇರಿದರೆಂದು ತಿಳಿಯತಕ್ಕದ್ದು.

ಈ ಏರ್ಪಾಡು ನಮ್ಮವರಿಗೆ ಹೊಸದಾಗಿ ತೋರುವುದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಬಿ.ಎಸ್ಸಿ. ನರ್ಸಿಂಗ್ ತರಗತಿಗೆ ಬರುವ ವಿದ್ಯಾರ್ಥಿಯು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇವುಗಳನ್ನು ಓದಿಕೊಂಡು ಬರುತ್ತಾನೆ. ಅಂಗರಚನೆ, ಸೂಕ್ಷ್ಮಜೀವಿಶಾಸ್ತ್ರ ಮೊದಲಾದವೆಲ್ಲ ಸೇರಿದ ಮೇಲೆ, ನಾಲ್ಕು ವರ್ಷಗಳ ಒಳಗೇ ಬೋಧಿಸಲ್ಪಡುತ್ತವೆ. ಅಮೆರಿಕದಲ್ಲಾದರೋ ಅವನ್ನೇ ಬಾಗಿಲ ಹೊರಗಿಟ್ಟಿದ್ದಾರೆ. ಅವುಗಳಲ್ಲಿ ಪಡೆದ ದರ್ಜೆಯನ್ನು ನೋಡಿಯೇ ಒಳಕ್ಕೆ ಕರೆಯುತ್ತಾರೆ. ನಾಲ್ಕು ವರ್ಷಗಳ ಪದವಿಯಲ್ಲಿಯೂ ಎಷ್ಟೋ ಕಡೆ ಮೊದಲ ಎರಡು ವರ್ಷ ಇವುಗಳಲ್ಲಿಯೇ ಕಳೆದು, ಆ ಬಳಿಕ ದಾದಿಯ ವಿಭಾಗಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕಾಗುತ್ತದೆ. ವಿಶ್ವವಿದ್ಯಾನಿಲಯವನ್ನು ಸೇರಿದ ಮಾತ್ರಕ್ಕೆ ದಾದಿಯ ವಿಭಾಗವನ್ನು ಸೇರಿದಂತಾಗದು.

ಪಾಠಗಳ ಪಟ್ಟಿಯು ಕಾಲೇಜಿನಿಂದ ಕಾಲೇಜಿಗೆ ಬೇರೆಯಾದರೂ ಅದರ ತಿರುಳು ಹೆಚ್ಚು ಕಡಮೆ ಒಂದೇ. ಅಂಗರಚನೆ ಮತ್ತು ಅಂಗಕ್ರಿಯಾಶಾಸ್ತ್ರ ಎರಡು ಭಾಗ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ, ಇಂಗ್ಲಿಷ್ ಪ್ರಬಂಧರಚನೆ, ಕೆಲವೆಡೆ ಆಹಾರಶಾಸ್ತ್ರ. ಇವನ್ನು ನೋಡಿ, ರೋಗಿಗೆ ಔಷಧ ಕುಡಿಸುವುದಕ್ಕೆ ಇಷ್ಟೆಲ್ಲ ಏಕೆ ಎಂದು ಶಂಕಿಸುವವರಿದ್ದಾರೆ. ಶಂಕೆಯು ಪರಿಹಾರವಾಗಬೇಕಾದರೆ ಪಟ್ಟಿಯನ್ನು ರೋಗಿಯ ಹಾಸಿಗೆಯ ಬಳಿ ನಿಂತು ಓದಬೇಕು.

ಪೃಷ್ಠಭಾಗದಲ್ಲಿ ಸೂಜಿಮದ್ದು ಕೊಡುವುದು ಸುಲಭವಾಗಿ ಕಾಣುತ್ತದೆ. ಆದರೆ ಅಲ್ಲಿಯೇ ದೇಹದ ಅತ್ಯಂತ ದಪ್ಪನಾದ ನರವಾದ ಸಯಾಟಿಕ್ ನರವು ಹಾದುಹೋಗುತ್ತದೆ. ಸೂಜಿ ಅದಕ್ಕೆ ತಗುಲಿದರೆ ಕಾಲು ಸ್ವಾಧೀನ ತಪ್ಪಬಹುದು. ಆ ನರದ ದಾರಿಯನ್ನು ತೋರಿಸುವುದು ಅಂಗರಚನೆಯ ಪಾಠ. ರಕ್ತದ್ರವದಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5 ಮಿಲಿಈಕ್ವಿವಲೆಂಟ್ ಇರಬೇಕು. ಅದು ಮಿತಿಮೀರಿ ಏರಿದರೆ ಹೃದಯದ ಬಡಿತವೇ ಕೆಟ್ಟು ನಿಂತುಹೋಗಬಹುದು. ಪೊಟ್ಯಾಸಿಯಂ ಕ್ಲೋರೈಡಿನ ತೀಕ್ಷ್ಣದ್ರಾವಣವನ್ನು ನೀರಾಗಿಸದೆ ರಕ್ತನಾಳಕ್ಕೆ ಒಮ್ಮೆಗೇ ಕೊಡಬಾರದೆಂಬ ನಿಯಮವನ್ನು ಬಾಯಿಪಾಠ ಮಾಡುವವರು ಮರೆಯಬಹುದು; ರಸಾಯನಶಾಸ್ತ್ರವನ್ನೂ ಅಂಗಕ್ರಿಯೆಯನ್ನೂ ಅರಿತವರು ಮರೆಯಲಾರರು.

ಸೂಕ್ಷ್ಮಜೀವಿಶಾಸ್ತ್ರದ ಉಪಯೋಗಕ್ಕೆ ಒಂದು ನಿದರ್ಶನ. ಆಸ್ಪತ್ರೆಗಳಲ್ಲಿ ಮದ್ಯಸಾರದ ದ್ರವವನ್ನು ಕೈಗೆ ಸವರಿಕೊಳ್ಳುವುದು ರೂಢಿ. ಅನೇಕ ಜೀವಾಣುಗಳು ಅದರಿಂದ ಸಾಯುತ್ತವೆ. ಆದರೆ ಕಠಿನವಾದ ಅತಿಸಾರವನ್ನುಂಟುಮಾಡುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಜೀವಾಣುವಿನ ಬೀಜಕಣಗಳು ಸಾಯುವುದಿಲ್ಲ. ಅವನ್ನು ಸೋಪು ನೀರುಗಳಿಂದ ತೊಳೆದೇ ಕಳೆಯಬೇಕು. ಬೀಜಕಣವೆಂದರೇನೆಂದು ತಿಳಿಯದ ದಾದಿಯು ಶುದ್ಧವೆಂದು ನಂಬಿದ ಕೈಯಿಂದಲೇ ರೋಗವನ್ನು ಮುಂದಿನ ಹಾಸಿಗೆಗೆ ಒಯ್ಯಬಹುದು.

ಸಂಖ್ಯಾಶಾಸ್ತ್ರವು ಈ ವೃತ್ತಿಗೆ ಹೊರಗಿನದೆಂಬ ಭಾವನೆಯೂ ಸರಿಯಲ್ಲ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಶುಶ್ರೂಷೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲರು, ಸೈನಿಕರಲ್ಲಿ ಸತ್ತವರ ಪೈಕಿ ಹೆಚ್ಚಿನವರು ಗಾಯಗಳಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತರೆಂಬುದನ್ನು 1858ರಲ್ಲಿ ಅಂಕೆಗಳಿಂದಲೂ ಚಿತ್ರಗಳಿಂದಲೂ ಸರಕಾರಕ್ಕೆ ತೋರಿಸಿಕೊಟ್ಟರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶಾಲೆ ತೆರೆಯುವುದಕ್ಕೆ ಮೊದಲೇ ಅವರು ಅಂಕೆಗಳ ಭಾಷೆಯನ್ನು ಕರಗತ ಮಾಡಿಕೊಂಡಿದ್ದರು. ಇನ್ನು ಪ್ರಬಂಧರಚನೆ: ರಾತ್ರಿಯ ದಾದಿ ಬರೆದಿಟ್ಟ ಟಿಪ್ಪಣಿಯನ್ನು ನಂಬಿ ಹಗಲಿನ ದಾದಿ ಕೆಲಸಮಾಡುವಲ್ಲಿ, ಅಸ್ಪಷ್ಟವಾದ ಒಂದು ವಾಕ್ಯವೂ ಅಪಾಯವೇ ಸರಿ.

ಪಾಠಗಳ ಪ್ರಯೋಜನವನ್ನು ಹೇಳಿದ್ದಾಯಿತು. ಅನೇಕರು ಎಡವುವುದು ಪ್ರಯೋಜನದಲ್ಲಲ್ಲ, ಕ್ರಮದಲ್ಲಿ. ಈ ಪಾಠಗಳು ಚೀಲದಲ್ಲಿ ತುಂಬಿದ ಕಾಯಿಗಳಂತಲ್ಲ. ಕೆಲವು ಸರಪಣಿಯ ಕೊಂಡಿಗಳಂತೆ ಒಂದರ ಹಿಂದೊಂದು ಬರತಕ್ಕವು. ಎಷ್ಟೋ ಕಾಲೇಜುಗಳಲ್ಲಿ ಸಾಮಾನ್ಯ ಜೀವಶಾಸ್ತ್ರವೋ ರಸಾಯನಶಾಸ್ತ್ರವೋ ಮುಗಿಯದೆ ಅಂಗರಚನೆಯ ಮೊದಲ ಭಾಗವಿಲ್ಲ. ಅದು ಮುಗಿಯದೆ ಎರಡನೆಯ ಭಾಗವಿಲ್ಲ. ಆಗಸ್ಟಿನಲ್ಲಿ ಕಾಲೇಜು ಸೇರಿದವರೊಬ್ಬರನ್ನು ಭಾವಿಸೋಣ. ಡಿಸೆಂಬರಿನ ವರೆಗೆ ಜೀವಶಾಸ್ತ್ರ, ಜನವರಿಯಿಂದ ಮೇ ವರೆಗೆ ಅಂಗರಚನೆಯ ಮೊದಲ ಭಾಗ, ಮುಂದಿನ ಆಗಸ್ಟಿನಿಂದ ಎರಡನೆಯದು. ಬೇಸಗೆಯ ಅವಧಿಯಲ್ಲಿ ಒಂದು ಪಾಠ ಸಿಕ್ಕಿದರೆ ಅಷ್ಟು ಕಾಲ ಉಳಿದೀತು. ಇಲ್ಲವಾದರೆ ಸರಪಣಿಗೇ ಮೂರು ಅವಧಿ ಬೇಕು. ಸುಲಭವೆಂದು ಮನಶ್ಶಾಸ್ತ್ರ, ಇಂಗ್ಲಿಷ್‌ಗಳನ್ನೇ ಮೊದಲು ಮುಗಿಸಿ ವಿಜ್ಞಾನವನ್ನು ಹಿಂದಕ್ಕೆ ತಳ್ಳಿದವರಿಗೆ ಒಂದು ದಿನವೂ ಉಳಿಯುವುದಿಲ್ಲ. ಎರಡು ವರ್ಷವೆಂದುಕೊಂಡ ಪದವಿ ಮೂರು ವರ್ಷ, ಕೆಲವರಿಗೆ ನಾಲ್ಕು ವರ್ಷವಾಗುವುದು ಹೀಗೆ.

ಇದಲ್ಲದೆ ನಿಬಂಧನೆಗಳುಂಟು. ಸಾಮಾನ್ಯವಾಗಿ 'ಸಿ' ದರ್ಜೆಗೆ ಕಡಮೆಯಾದ ಫಲವನ್ನು ಒಪ್ಪುವುದಿಲ್ಲ. ಸ್ಥಳಗಳು ಕಡಮೆ, ಅರ್ಜಿಗಳು ಹೆಚ್ಚು ಇರುವಲ್ಲಿ ಬರಿಯ 'ಸಿ' ಸಾಲುವುದೂ ಇಲ್ಲ. ಒಂದೇ ಪಾಠವನ್ನು ಎಷ್ಟು ಸಲ ಮರಳಿ ಓದಬಹುದೆಂಬುದಕ್ಕೆ ಮಿತಿಯುಂಟು. ವಿಜ್ಞಾನದ ಪಾಠಗಳು ಐದು ಅಥವಾ ಏಳು ವರ್ಷಕ್ಕಿಂತ ಹಳೆಯವಾದರೆ ಎಷ್ಟೋ ಕಾಲೇಜುಗಳು ಮತ್ತೆ ಓದಿರೆನ್ನುತ್ತವೆ. ಪ್ರಯೋಗಶಾಲೆಯಿಲ್ಲದ ಪಾಠವನ್ನು ತಿರಸ್ಕರಿಸುವವರಿದ್ದಾರೆ. ಒಂದು ಕಾಲೇಜಿನಲ್ಲಿ ಓದಿದ್ದನ್ನು ಇನ್ನೊಂದು ಕಾಲೇಜು ಒಪ್ಪಲೇಬೇಕೆಂಬ ನಿಯಮವೂ ಇಲ್ಲ. ಆದಕಾರಣ ಹಣ ಕಟ್ಟುವ ಮುನ್ನ, ತಾವು ಕೊನೆಗೆ ಸೇರಬೇಕೆಂದಿರುವ ಎರಡು ಮೂರು ಕಾಲೇಜುಗಳ ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ, ಕೊನೆಯಿಂದ ಮೊದಲಿಗೆ ಲೆಕ್ಕ ಹಾಕಿಕೊಂಡು ಬರುವುದು ಉತ್ತಮ.

ಈ ಮಾತು ಅಲ್ಲಿ ನೆಲಸಿರುವ ಕನ್ನಡಿಗರಿಗೂ ಸಂಬಂಧಪಟ್ಟದ್ದು. ಇಲ್ಲಿ ಬಿ.ಎಸ್ಸಿ.ಯನ್ನೋ ಬಿ.ಕಾಂ.ಅನ್ನೋ ಮುಗಿಸಿ, ಮದುವೆಯಾಗಿ ಹೋಗಿ, ಮಕ್ಕಳು ಶಾಲೆಗೆ ಹೊರಟ ಮೇಲೆ ಈ ವೃತ್ತಿಯನ್ನು ಬಯಸುವ ಗೃಹಿಣಿಯರಿದ್ದಾರೆ. ಅನ್ಯ ವಿಷಯದ ಪದವೀಧರರಿಗಾಗಿ ಹನ್ನೊಂದರಿಂದ ಹದಿನೆಂಟು ತಿಂಗಳುಗಳ ತ್ವರಿತ ತರಗತಿಗಳು ಅಲ್ಲಿ ಉಂಟು. ಆದರೆ ಆ ತಿಂಗಳುಗಳಲ್ಲಿ ಪೂರ್ವಪಾಠಗಳ ಕಾಲ ಸೇರಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳ ಅಂಕಪಟ್ಟಿಯನ್ನು ಮೌಲ್ಯನಿರ್ಣಯ ಮಾಡಿಸಬೇಕು. ಹದಿನೈದು ವರ್ಷದ ಹಿಂದಿನ ಪ್ರಾಣಿಶಾಸ್ತ್ರವು ಪದವಿಗೆ ಸಾಕ್ಷಿಯಾದೀತೇ ಹೊರತು ಅಂಗರಚನೆಗೆ ಬದಲಾಗುವುದು ಅಪೂರ್ವ. ಇಲ್ಲಿಯೇ ದಾದಿಯರಾಗಿ ತರಬೇತಾದವರ ದಾರಿ ಬೇರೆ: ಅವರು ತಮ್ಮ ವಿದ್ಯೆಯ ಪರಿಶೀಲನೆ ಮಾಡಿಸಿಕೊಂಡು ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆಗೆ ಕುಳಿತುಕೊಳ್ಳತಕ್ಕವರು.

ಪೂರ್ವಪಾಠಗಳನ್ನು ಸುಂಕದ ಕಟ್ಟೆಯೆಂದು ಭಾವಿಸಿದವರು ಹೇಗಾದರೂ ದಾಟಿ ಮರೆತುಬಿಡುತ್ತಾರೆ. ಮರೆತದ್ದು ಔಷಧಶಾಸ್ತ್ರದ ಮೊದಲ ವಾರದಲ್ಲಿಯೇ ಮುಂದೆ ಬಂದು ನಿಲ್ಲುತ್ತದೆ. 0.125 ಮಿಲಿಗ್ರಾಮಿನ ಡಿಜಾಕ್ಸಿನ್ ಗುಳಿಗೆ ಕೈಯಲ್ಲಿದೆ. ವೈದ್ಯರ ಆಜ್ಞೆ 0.25 ಮಿಲಿಗ್ರಾಂ. ಎರಡು ಗುಳಿಗೆಯೆಂಬ ಲೆಕ್ಕ ಮಗುವಿಗೂ ಬರುತ್ತದೆ. ಆದರೆ ಕೊಡುವ ಮೊದಲು ನಾಡಿಯನ್ನೇಕೆ ಎಣಿಸಬೇಕು, ಪೊಟ್ಯಾಸಿಯಂ ಎಷ್ಟಿದೆಯೆಂದು ಏಕೆ ನೋಡಬೇಕು ಎಂಬುದಕ್ಕೆ ಉತ್ತರವಿರುವುದು ಆ ಹಿಂದಿನ ಪುಸ್ತಕಗಳಲ್ಲಿ. ವಿದ್ಯಾರ್ಥಿಗೆ ಅದು ಒಂದು ದರ್ಜೆಯ ಪ್ರಶ್ನೆ; ಹಾಸಿಗೆಯಲ್ಲಿ ಮಲಗಿರುವವರಿಗೆ ಪ್ರಾಣದ ಪ್ರಶ್ನೆ.