ಹ್ಯಾಂಡಲ್‌ಗೆ ಟೇಪ್ ಸುತ್ತುವುದನ್ನು ಕಲಿಯೋಣ

ರೋಡ್ ಬೈಕ್ ಎಂದರೆ ಪೆಟ್ರೋಲ್ ಹಾಕಿ ಓಡಿಸುವ ಗಾಡಿಯಲ್ಲ. ಕಡಿಮೆ ತೂಕದ, ತೆಳು ಟೈರಿನ, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ ಇರುವ ಸೈಕಲ್. ವಿಜಯಪುರ, ಬಾಗಲಕೋಟೆ ಜಿಲ್ಲೆಯವರಾದ ನಮಗೆ ಇದು ಹೊಸದೇನಲ್ಲ. ರಾಜ್ಯದ ಅನೇಕ ಸೈಕ್ಲಿಂಗ್ ಪಟುಗಳು ಈ ಭಾಗದಿಂದಲೇ ಬಂದವರು. ಫಜರ್ ನಮಾಜ್ ಮುಗಿಸಿ ಹೊರಗೆ ಬಂದರೆ ಹೆದ್ದಾರಿಯ ಅಂಚಿನಲ್ಲಿ ಸಾಲಾಗಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರು ಕಾಣುತ್ತಾರೆ. ನಮ್ಮ ಕಾಲೇಜಿನಲ್ಲೂ ಅಂಥವರಿದ್ದಾರೆ. ಅವರಲ್ಲಿ ಹೆಚ್ಚಿನವರ ಸೈಕಲ್ ಅಣ್ಣನಿಂದಲೋ ಸೀನಿಯರ್‌ನಿಂದಲೋ ಕೈ ಬದಲಾಗಿ ಬಂದದ್ದು. ಚೈನ್, ಬ್ರೇಕ್, ಟೈರ್ ಇವುಗಳನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಹ್ಯಾಂಡಲ್ ಮೇಲಿನ ಟೇಪ್ ಹರಿದು ಜೋತಾಡುತ್ತಿದ್ದರೆ ಮಾತ್ರ "ಅದು ಬರೀ ಶೋಕಿಗೆ" ಎಂದು ಬಿಟ್ಟುಬಿಡುತ್ತಾರೆ. ಅದು ಶೋಕಿಗಲ್ಲ ಎಂದು ಹೇಳಲಿಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಟೇಪ್ ಮಾಡುವ ಕೆಲಸವೇನು?

ರೋಡ್ ಬೈಕ್ ಓಡಿಸುವವನು ಮುಂದಕ್ಕೆ ಬಾಗಿ ಕೂರುತ್ತಾನೆ. ದೇಹದ ಭಾರದ ಒಂದು ಪಾಲು ಅಂಗೈ ಮೇಲೆ ಬೀಳುತ್ತದೆ. ಟೈರ್ ತೆಳುವಾಗಿ, ಗಾಳಿ ಬಿಗಿಯಾಗಿ ಇರುವುದರಿಂದ ರಸ್ತೆಯ ಪ್ರತಿ ಕುಲುಕಾಟವೂ ಅದೇ ಅಂಗೈಗೆ ಬಂದು ತಟ್ಟುತ್ತದೆ. ಈ ಪೆಟ್ಟನ್ನು ಒಂದಿಷ್ಟು ಹೀರಿಕೊಳ್ಳುವುದು ಟೇಪಿನ ಮೊದಲ ಕೆಲಸ.

ನಮ್ಮ ಮುಂಗೈಯಲ್ಲಿ ಅಲ್ನರ್ ಎಂಬ ನರವಿದೆ. ಅದು ಮಣಿಕಟ್ಟಿನಲ್ಲಿ, ಕಿರುಬೆರಳಿನ ಕಡೆಯಲ್ಲಿ, ಗಯಾನ್ ಕಾಲುವೆ ಎಂಬ ಕಿರಿದಾದ ದಾರಿಯ ಮೂಲಕ ಅಂಗೈಗೆ ಇಳಿಯುತ್ತದೆ. ಗಟ್ಟಿಯಾದ ಕೊಳವೆಯನ್ನು ಗಂಟೆಗಟ್ಟಲೆ ಒತ್ತಿ ಹಿಡಿದರೆ ಆ ನರದ ಮೇಲೆ ಒತ್ತಡ ಬೀಳುತ್ತದೆ. ಆಗ ಕಿರುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತದೆ. ದೂರ ಓಡಿಸುವ ಸೈಕ್ಲಿಸ್ಟ್‌ಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ವೈದ್ಯರು ಇದಕ್ಕೆ ಸೈಕ್ಲಿಸ್ಟ್‌ಗಳ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ವಿಭಾಗದ ಗೆಳೆಯನೊಬ್ಬ ಬೆಳಗಿನ ಅಭ್ಯಾಸ ಮುಗಿಸಿ ಪ್ರಾಕ್ಟಿಕಲ್ ತರಗತಿಗೆ ಬಂದರೆ ಪೆನ್ನು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅವನ ಹ್ಯಾಂಡಲ್‌ನಲ್ಲಿ ಟೇಪ್ ಹರಿದು ಲೋಹ ಕಾಣುತ್ತಿತ್ತು. ವರ್ಷದ ಕೊನೆಗೆ ಮೂರು ಗಂಟೆ ಪರೀಕ್ಷೆ ಬರೆಯಬೇಕಾದ ಕೈ ಅದು. ಹೊಸ ಟೇಪ್ ಸುತ್ತಿ, ಹ್ಯಾಂಡಲ್ ಸ್ವಲ್ಪ ಎತ್ತರಿಸಿ, ಕೈಯನ್ನು ಆಗಾಗ ಬೇರೆ ಕಡೆ ಹಿಡಿಯುವ ರೂಢಿ ಮಾಡಿಕೊಂಡ ಮೇಲೆ ಜೋಮು ಕಡಿಮೆಯಾಯಿತು. ಟೇಪ್ ಒಂದೇ ಮದ್ದಲ್ಲ ಎಂಬುದೂ ನೆನಪಿರಲಿ. ಸೈಕಲ್ ಇಳಿದು ಬಹಳ ಹೊತ್ತಾದರೂ ಜೋಮು ಹೋಗದಿದ್ದರೆ ವೈದ್ಯರನ್ನು ಕಾಣಬೇಕು.

ಟೇಪಿನ ಎರಡನೆಯ ಕೆಲಸ ಹಿಡಿತ. ನಮ್ಮ ಬೇಸಿಗೆಯಲ್ಲಿ ಬೆವರಿದ ಕೈ ಬರಿಯ ಲೋಹದ ಮೇಲೆ ಜಾರುತ್ತದೆ. ಜಾರುವ ಕೈಯಿಂದ ಬ್ರೇಕ್ ಹಿಡಿಯುವುದು ಅಪಾಯ.

ಏನೇನು ಬೇಕು?

ಒಂದು ಪೊಟ್ಟಣದಲ್ಲಿ ಎರಡು ಸುರುಳಿ ಟೇಪ್, ಎರಡು ಪ್ಲಗ್ ಇರುತ್ತವೆ. ಬಹಳ ಸಲ ಲಿವರಿನ ಹಿಂದೆ ಅಂಟಿಸಲು ಎರಡು ಚಿಕ್ಕ ತುಂಡುಗಳೂ ಇರುತ್ತವೆ. ಒಂದು ಸುರುಳಿ ಸುಮಾರು 2 ಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ. ದಪ್ಪ ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್. ಹಿಂದೆ ಹತ್ತಿ ಬಟ್ಟೆಯ ಟೇಪ್ ಬಳಸುತ್ತಿದ್ದರು. ಈಗ ಕಾರ್ಕ್ ಪುಡಿ ಬೆರೆಸಿದ ಫೋಮ್ ಅಥವಾ ಪಾಲಿಯುರೆಥೇನ್ ಟೇಪ್ ಹೆಚ್ಚು. ಇವುಗಳ ಜೊತೆಗೆ ಕತ್ತರಿ, ಕರೆಂಟ್ ಕೆಲಸಕ್ಕೆ ಬಳಸುವ ಇನ್ಸುಲೇಶನ್ ಟೇಪ್ ಮತ್ತು ಒರೆಸುವ ಬಟ್ಟೆ ಇದ್ದರೆ ಸಾಕು.

ನನಗೆ ಈ ಕೆಲಸ ಕಲಿಸಿದವರು ಸೈಕಲ್ ರಿಪೇರಿ ಮಾಡುವ ಒಬ್ಬ ಉಸ್ತಾದ್. ಅವರು ಹೊಸ ಟೇಪ್ ಮುಟ್ಟಲು ಬಿಡಲೇ ಇಲ್ಲ. ಹಳೆಯ ಹ್ಯಾಂಡಲ್ ಒಂದನ್ನು ಕೊಟ್ಟು, ಹಳೆಯ ಟೇಪನ್ನೇ ಸುತ್ತಿಸಿ, ಬಿಚ್ಚಿಸಿ, ಮತ್ತೆ ಸುತ್ತಿಸಿದರು. ಪ್ರತಿ ಸಲವೂ ಅವರು ಕೇಳುತ್ತಿದ್ದದ್ದು ಒಂದೇ: "ಯಾಕೆ ಹಾಗೆ?" ಉತ್ತರ ಬಂದರೆ ಮಾತ್ರ ಮುಂದಿನ ಸುತ್ತು. ಅದಕ್ಕೇ ಇಲ್ಲಿ ಕ್ರಮದ ಜೊತೆಗೆ ಕಾರಣವನ್ನೂ ಬರೆದಿದ್ದೇನೆ.

ಸುತ್ತುವ ಕ್ರಮ

1. ಬಿಚ್ಚಿ ನೋಡುವುದು. ಬ್ರೇಕ್ ಲಿವರಿನ ರಬ್ಬರ್ ಹೊದಿಕೆಯನ್ನು ಮಡಚಿ ಹಳೆಯ ಟೇಪ್ ತೆಗೆಯಿರಿ. ಅಂಟನ್ನು ಒರೆಸಿ. ಈಗ ಹ್ಯಾಂಡಲನ್ನು ಬೆಳಕಿಗೆ ಹಿಡಿದು ನೋಡಿ. ಬೆವರಿನಲ್ಲಿ ಉಪ್ಪಿದೆ. ಅದು ಟೇಪಿನೊಳಗೆ ಇಳಿದು ಅಲ್ಯೂಮಿನಿಯಂ ಅನ್ನು ನಿಧಾನವಾಗಿ ತಿನ್ನುತ್ತದೆ. ಬಿಳಿ ಪುಡಿ, ಸಣ್ಣ ಗುಳಿ, ಕೂದಲೆಳೆಯಂಥ ಬಿರುಕು ಕಂಡರೆ ಅದನ್ನು ಮುಚ್ಚಿ ಟೇಪ್ ಸುತ್ತಬೇಡಿ. ಮೊದಲು ತಿಳಿದವರಿಗೆ ತೋರಿಸಿ. ಓಡುವಾಗ ಹ್ಯಾಂಡಲ್ ಮುರಿದರೆ ಸವಾರನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಟೇಪ್ ಬದಲಿಸುವ ದಿನವೇ ಈ ತಪಾಸಣೆಗೆ ಸಿಗುವ ಅವಕಾಶ. ನಂತರ ಬ್ರೇಕ್ ಕೇಬಲ್‌ಗಳನ್ನು ಇನ್ಸುಲೇಶನ್ ಟೇಪಿನಿಂದ ಹ್ಯಾಂಡಲ್‌ಗೆ ಒತ್ತಿ ಕಟ್ಟಿ.

2. ಕೆಳಗಿನ ತುದಿಯಿಂದ ಆರಂಭ. ಮನೆಗೆ ಹೆಂಚು ಹೊದಿಸುವವರು ಸೂರಿನ ಅಂಚಿನಿಂದ ಮೇಲಕ್ಕೆ ಹೋಗುತ್ತಾರೆ. ಮೇಲಿನ ಹೆಂಚು ಕೆಳಗಿನದನ್ನು ಮುಚ್ಚುವುದರಿಂದ ಇಳಿಯುವ ನೀರು ಸಂದಿಗೆ ನುಗ್ಗುವುದಿಲ್ಲ. ಇಲ್ಲಿ ನೀರಿನ ಬದಲು ನಮ್ಮ ಅಂಗೈ. ಅದು ಕೆಳಕ್ಕೆ ಒತ್ತುತ್ತಾ ಜಾರುತ್ತದೆ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಅಂಚೂ ಕೈಗೆ ಸಿಕ್ಕಿ ಸುರುಟಿಕೊಳ್ಳುತ್ತದೆ. ಕೆಳಗಿನಿಂದ ಸುತ್ತಿದರೆ ಕೈ ಅಂಚಿನ ಮೇಲಿಂದ ಸರಾಗವಾಗಿ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಟೇಪಿನ ಅರ್ಧ ಅಗಲ ಕೊಳವೆಯ ಬಾಯಿಯ ಆಚೆ ಉಳಿಯಲಿ. ಅದನ್ನು ಕೊನೆಗೆ ಪ್ಲಗ್ ಜೊತೆ ಒಳಗೆ ತುರುಕುತ್ತೇವೆ.

3. ದಿಕ್ಕು. ಇದೇ ಮುಖ್ಯ. ಕೈ ಯಾವ ಕಡೆ ತಿರುಚುತ್ತದೋ ಅದೇ ಕಡೆ ಟೇಪ್ ಸುತ್ತಿರಬೇಕು. ಆಗ ಹಿಡಿದಷ್ಟೂ ಟೇಪ್ ಬಿಗಿಯಾಗುತ್ತದೆ. ಉಲ್ಟಾ ಸುತ್ತಿದರೆ ನಾವೇ ದಿನವೂ ಬಿಚ್ಚಿದಂತೆ. ಕೆಳಗಿನ ಬಾಗಿನಲ್ಲಿ ಹಿಡಿದು ಜೋರಾಗಿ ತುಳಿಯುವಾಗ ಕೈ ಹೊರಕ್ಕೆ ತಿರುಚುತ್ತದೆ. ಆದ್ದರಿಂದ ಸೀಟಿನಿಂದ ನೋಡಿದಂತೆ ಬಲಗಡೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಎಡಗಡೆ ಅದಕ್ಕೆ ವಿರುದ್ಧವಾಗಿ ಸುತ್ತಬೇಕು. ಮೇಲಿನ ನೇರ ಭಾಗದಲ್ಲಿ, ಏರು ಹತ್ತುವಾಗ, ಕೈ ನಮ್ಮ ಕಡೆಗೆ ಎಳೆಯುತ್ತದೆ. ಅಲ್ಲಿ ಟೇಪ್ ಹ್ಯಾಂಡಲಿನ ಮೇಲಿಂದ ನಮ್ಮ ಕಡೆಗೆ ಬರಬೇಕು. ಈ ಎರಡು ದಿಕ್ಕುಗಳನ್ನು ಹೊಂದಿಸುವುದು ಲಿವರಿನ ಬುಡದಲ್ಲಿ ಹಾಕುವ 8ರ ಆಕಾರದ ಸುತ್ತು. ಅದು ಕಷ್ಟವೆನಿಸಿದವರು ಕೆಳಗೆ ಒಳಮುಖವಾಗಿ ಆರಂಭಿಸುತ್ತಾರೆ. ಆಗ ದಿಕ್ಕು ಬದಲಿಸದೆಯೇ ಮೇಲಿನ ಭಾಗ ಸರಿಯಾಗಿ ಬರುತ್ತದೆ. ಹಾಗೆ ಮಾಡುವ ಮೆಕ್ಯಾನಿಕ್‌ಗಳೂ ಬಹಳಷ್ಟಿದ್ದಾರೆ.

4. ಎಳೆತ ಮತ್ತು ಹೊದಿಕೆ. ಪ್ರತಿ ಸುತ್ತೂ ಹಿಂದಿನದರ ಮೂರನೆಯ ಒಂದು ಭಾಗವನ್ನಾದರೂ ಮುಚ್ಚಲಿ. ಎಳೆತ ಒಂದೇ ಸಮ ಇರಲಿ. ಸಡಿಲಾದರೆ ಟೇಪ್ ತಿರುಗುತ್ತದೆ, ಅತಿಯಾದರೆ ಹರಿಯುತ್ತದೆ. ಬಾಗಿದ ಜಾಗದಲ್ಲಿ ಹೊರಬದಿಯ ಉದ್ದ ಒಳಬದಿಗಿಂತ ಹೆಚ್ಚು ಎಂಬುದು ಗಣಿತದ ಪಾಠದಲ್ಲೇ ಇದೆ. ಹಾಗಾಗಿ ಅಲ್ಲಿ ಹೊರಬದಿಯಲ್ಲಿ ಸಂದಿ ಬೀಳುತ್ತದೆ. ಕಣ್ಣು ಹೊರಬದಿಯ ಮೇಲಿರಲಿ, ಒಳಬದಿಯಲ್ಲಿ ಟೇಪ್ ಹೆಚ್ಚು ಮಡಿಕೆಯಾದರೂ ಚಿಂತೆಯಿಲ್ಲ.

5. ಲಿವರ್ ದಾಟುವುದು. ಚಿಕ್ಕ ತುಂಡನ್ನು ಲಿವರಿನ ಪಟ್ಟಿಯ ಮೇಲೆ ಮೊದಲೇ ಇಟ್ಟಿರಿ. ಟೇಪ್ ಸುತ್ತಿ ದಾಟಿದ ಮೇಲೆ ರಬ್ಬರ್ ಹೊದಿಕೆ ಇಳಿಸಿ ನೋಡಿ. ಎಲ್ಲೂ ಲೋಹ ಕಾಣಬಾರದು. ಕಂಡರೆ ಎರಡು ಸುತ್ತು ಬಿಚ್ಚಿ ಮತ್ತೆ ಹಾಕಿ. ಅಂಟು ಒಣಗುವ ಮೊದಲು ಬಿಚ್ಚಿದರೆ ನಷ್ಟವೇನಿಲ್ಲ.

6. ಮುಗಿಸುವುದು. ನಡುವಿನ ದಪ್ಪ ಭಾಗದ ಹತ್ತಿರ ಟೇಪನ್ನು ಓರೆಯಾಗಿ ಕತ್ತರಿಸಿ. ಆಗ ಅಂಚು ನೇರವಾಗಿ ಕೂರುತ್ತದೆ. ಅದರ ಮೇಲೆ ಇನ್ಸುಲೇಶನ್ ಟೇಪ್ ಮೂರು ನಾಲ್ಕು ಸುತ್ತು ಬರಲಿ.

ಪ್ಲಗ್ ಮರೆಯಬೇಡಿ

ಕೊನೆಗೆ, ಬಾಯಿಯಲ್ಲಿ ಉಳಿದ ಟೇಪನ್ನು ಒಳಗೆ ಮಡಚಿ ಪ್ಲಗ್ ಒತ್ತಬೇಕು. ಅಂಗೈಯಿಂದ ಒತ್ತಿದರೆ ಹೋಗಬೇಕು, ಬೆರಳಿನಿಂದ ಎಳೆದರೆ ಬರಬಾರದು. ಬಹಳ ಜನ ಇದನ್ನು ಟೇಪ್ ಹಿಡಿದಿಡುವ ಬಿರಡೆ ಎಂದಷ್ಟೇ ತಿಳಿದಿದ್ದಾರೆ. ನಿಜಕ್ಕೂ ಇದು ಸವಾರನ ಹೊಟ್ಟೆ, ತೊಡೆ ಕಾಯುವ ವಸ್ತು. ತೆರೆದ ಕೊಳವೆಯ ಬಾಯಿ ಸುಮಾರು 24 ಮಿಲಿಮೀಟರ್ ಅಗಲದ ಚೂಪು ಬಳೆ ಇದ್ದಂತೆ. ಬೀಳುವಾಗ ಹ್ಯಾಂಡಲ್ ತಿರುಗಿ, ದೇಹದ ಭಾರವೆಲ್ಲ ಆ ಬಳೆಯ ಮೇಲೆ ಬಿದ್ದರೆ ಅದು ಮಾಂಸದೊಳಗೆ ಇಳಿಯುತ್ತದೆ. ಹ್ಯಾಂಡಲ್ ತುದಿ ಚುಚ್ಚಿ ಹೊಟ್ಟೆಗೆ ಗಾಯವಾಗುವುದು, ಅದರಲ್ಲೂ ಮಕ್ಕಳಿಗೆ, ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಸ್ಪರ್ಧೆಗೆ ಮುನ್ನ ಸೈಕಲ್ ತಪಾಸಣೆ ಮಾಡುವವರು ತುದಿಗಳನ್ನು ನೋಡುವುದು ಇದಕ್ಕಾಗಿಯೇ. ಈ ಮಾತು ರೋಡ್ ಬೈಕಿಗೆ ಮಾತ್ರವಲ್ಲ, ಮನೆಯಲ್ಲಿ ತಮ್ಮ ತಂಗಿಯರು ಓಡಿಸುವ ಸೈಕಲ್ಲಿಗೂ ಅನ್ವಯಿಸುತ್ತದೆ. ಗ್ರಿಪ್ ಸವೆದು ಕೊಳವೆ ಹೊರಗೆ ಇಣುಕಿದ್ದರೆ ಇಂದೇ ಬದಲಿಸಿ.

ವಾರಕ್ಕೊಮ್ಮೆ ಎರಡು ಪರೀಕ್ಷೆ ಮಾಡಿ. ಹ್ಯಾಂಡಲ್ ಹಿಡಿದು ತಿರುಚಿ, ಟೇಪ್ ಜಾರಬಾರದು. ಪ್ಲಗ್ ಎಳೆಯಿರಿ, ಅಲುಗಬಾರದು. ಎರಡಕ್ಕೂ ಸೇರಿ ಅರ್ಧ ನಿಮಿಷ ಸಾಕು.

ಸೈಕಲ್ ಇರುವ ಗೆಳೆಯರಲ್ಲಿ ಒಂದು ವಿನಂತಿ. ಟೇಪ್ ಬದಲಿಸಿದಾಗ ಹಳೆಯದನ್ನು ಎಸೆಯಬೇಡಿ, ನನಗೆ ಕೊಡಿ. ಸುತ್ತುವುದು ಓದಿ ಬರುವ ವಿದ್ಯೆಯಲ್ಲ, ಕೈ ಬಳಸಿಯೇ ಬರಬೇಕು. ಕಲಿಯುವವರಿಗೆ ಹಳೆಯ ಟೇಪೇ ಒಳ್ಳೆಯದು. ಶನಿವಾರ ತರಗತಿ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡ್ ಹತ್ತಿರ ಇರುತ್ತೇನೆ. ಕಲಿಯಬೇಕೆನ್ನುವವರು ಬನ್ನಿ, ಕತ್ತರಿ ಒಂದು ತನ್ನಿ.

— ದ್ವಿತೀಯ ಪಿ.ಯು.ಸಿ., ವಿಜ್ಞಾನ ವಿಭಾಗ