ದೇವನಿಲ್ಲದ ನೈತಿಕತೆಗೆ ಬುನಾದಿ ಎಲ್ಲಿದೆ?

“ದೇವನನ್ನು ನಂಬದೆಯೂ ಒಳ್ಳೆಯವನಾಗಿ ಬಾಳಬಹುದಲ್ಲವೇ? ಸುಳ್ಳು ಹೇಳಬಾರದು, ಮೋಸ ಮಾಡಬಾರದು ಎಂದು ತಿಳಿಯಲು ಧರ್ಮವೇಕೆ ಬೇಕು?” ಕಾಲೇಜಿಗೆ ಹೋಗುವ ಮಕ್ಕಳಿರುವ ಅನೇಕ ಮನೆಗಳಲ್ಲಿ ಇಂದು ಈ ಪ್ರಶ್ನೆ ಕೇಳಿಬರುತ್ತಿದೆ. ಕೆಲವು ಹೆತ್ತವರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಕೆಲವರು ಗದರಿಸಿ ಬಾಯಿ ಮುಚ್ಚಿಸುತ್ತಾರೆ. ಇನ್ನು ಕೆಲವರು, “ದೇವನನ್ನು ನಂಬದವರೆಲ್ಲ ನೀತಿಗೆಟ್ಟವರು” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಗದರಿಕೆಯಿಂದ ಪ್ರಶ್ನೆ ಸಾಯುವುದಿಲ್ಲ. ಅದು ಮನೆಯಿಂದ ಹೊರಗೆ ಹೋಗಿ ಬೇರೆಯವರಲ್ಲಿ ಉತ್ತರ ಹುಡುಕುತ್ತದೆ. ಕೊನೆಯ ಉತ್ತರವಂತೂ ವಾಸ್ತವಕ್ಕೂ ದೂರ, ಇಸ್ಲಾಮಿನ ಬೋಧನೆಗೂ ದೂರ.

ನಿಜವಾಗಿ ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಬೆರೆತಿವೆ. ದೇವನನ್ನು ನಂಬದವನು ಒಳ್ಳೆಯವನಾಗಿರಬಲ್ಲನೇ ಎಂಬುದು ಒಂದು. ದೇವನೇ ಇಲ್ಲವೆಂದಾದರೆ ಒಳಿತು-ಕೆಡುಕು ಎಂಬ ಮಾತುಗಳಿಗೆ ಎಲ್ಲರನ್ನೂ ಬದ್ಧಗೊಳಿಸುವ ಅರ್ಥವೇನಾದರೂ ಉಳಿಯುತ್ತದೆಯೇ ಎಂಬುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ನೋಡುವುದು ಅಗತ್ಯ.

ನಂಬದವರಲ್ಲೂ ಒಳ್ಳೆಯವರಿದ್ದಾರೆ

ಮೊದಲನೆಯ ಪ್ರಶ್ನೆಗೆ ಉತ್ತರ ‘ಹೌದು’ ಎಂದೇ. ಆಂಧ್ರದ ಗೋಪರಾಜು ರಾಮಚಂದ್ರ ರಾವ್ ‘ಗೋರಾ’ ಎಂದೇ ಪ್ರಸಿದ್ಧರಾದ ನಾಸ್ತಿಕ. ತನ್ನ ವಿಚಾರಗಳಿಗಾಗಿ ಅವರು ಅಧ್ಯಾಪಕ ವೃತ್ತಿಯನ್ನು ಕಳೆದುಕೊಂಡರು. ಅಸ್ಪೃಶ್ಯತೆಯ ವಿರುದ್ಧ ಹೋರಾಡಿದರು. ತನ್ನ ಮಗಳನ್ನು ದಲಿತ ಯುವಕನಿಗೆ ವಿವಾಹ ಮಾಡಿಕೊಟ್ಟರು. 1948ರಲ್ಲಿ ಗಾಂಧೀಜಿಯವರ ಸೇವಾಗ್ರಾಮದಲ್ಲಿ ಆ ವಿವಾಹ ನಡೆಯಿತು. ಇಂಥವರನ್ನು ನೀತಿಗೆಟ್ಟವರೆಂದು ಕರೆಯಲು ಯಾವ ನ್ಯಾಯಪ್ರಜ್ಞೆಯೂ ಒಪ್ಪದು.

ಪ್ರವಾದಿ ಮುಹಮ್ಮದ್(ಸ)ರ ಜೀವನವು ನಮಗೆ ಕಲಿಸುವ ಪಾಠವೂ ಇದೇ. ಪ್ರವಾದಿತ್ವ ಲಭಿಸುವುದಕ್ಕೆ ಬಹಳ ಮುಂಚೆ ಯೆಮನ್‌ನ ವರ್ತಕನೊಬ್ಬ ಮಕ್ಕಾದ ಪ್ರಮುಖನಿಗೆ ಸರಕು ಮಾರಿದ. ಸರಕು ಪಡೆದವನು ಹಣ ಕೊಡಲಿಲ್ಲ. ಪರವೂರಿನ ಆ ವರ್ತಕ ಬೆಟ್ಟ ಹತ್ತಿ ಮೊರೆಯಿಟ್ಟ. ಆಗ ಮಕ್ಕಾದ ಕೆಲವು ಗೋತ್ರಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಮರ್ದಿತನು ಯಾರೇ ಆಗಿರಲಿ, ಅವನ ಹಕ್ಕು ಸಿಗುವವರೆಗೆ ಅವನ ಜೊತೆ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಅದುವೇ ‘ಹಿಲ್ಫುಲ್ ಫುಝೂಲ್’. ಅವರಾರಿಗೂ ದಿವ್ಯವಾಣಿ ಬಂದಿರಲಿಲ್ಲ. ಕಅಬಾದ ಸುತ್ತ ವಿಗ್ರಹಗಳಿದ್ದ ಕಾಲವದು. ಆ ಒಪ್ಪಂದದಲ್ಲಿ ಯುವಕರಾಗಿದ್ದ ಪ್ರವಾದಿಯವರೂ(ಸ) ಭಾಗವಹಿಸಿದ್ದರು. ಇಸ್ಲಾಮಿನ ಕಾಲದಲ್ಲಿ ಯಾರಾದರೂ ಅಂಥ ಒಪ್ಪಂದಕ್ಕೆ ತನ್ನನ್ನು ಕರೆದರೂ ತಾನು ಓಗೊಡುವೆನೆಂದು ಅವರು ಮುಂದೆ ಹೇಳಿದ್ದರು.

ಮುತ್‌ಇಮ್ ಬಿನ್ ಅದಿಯ್ಯ್‌ರ ಪ್ರಸಂಗವೂ ಹೀಗೆಯೇ. ತಾಯಿಫ್‌ನಲ್ಲಿ ಕಲ್ಲೇಟು ತಿಂದು ಮರಳಿದ ಪ್ರವಾದಿಯವರಿಗೆ(ಸ) ಮಕ್ಕಾದಲ್ಲಿ ರಕ್ಷಣೆ ನೀಡಿದವರು ಅವರು. ಅವರು ಇಸ್ಲಾಮ್ ಸ್ವೀಕರಿಸದೆಯೇ ತೀರಿಕೊಂಡರು. ಬದ್ರ್ ಯುದ್ಧದ ಕೈದಿಗಳ ವಿಷಯ ಬಂದಾಗ, ಮುತ್‌ಇಮ್ ಬದುಕಿದ್ದು ಕೇಳಿರುತ್ತಿದ್ದರೆ ಇವರನ್ನೆಲ್ಲ ಅವರಿಗಾಗಿ ಬಿಟ್ಟುಬಿಡುತ್ತಿದ್ದೆ ಎಂದು ಪ್ರವಾದಿಯವರು(ಸ) ಸ್ಮರಿಸಿದರು.

ಇದು ಹೇಗೆ ಸಾಧ್ಯ? ಕುರ್‌ಆನ್‌ನ 91ನೇ ಅಧ್ಯಾಯ ‘ಅಶ್ಶಮ್ಸ್’ ಇದನ್ನು ವಿವರಿಸುತ್ತದೆ. ಮಾನವನ ಆತ್ಮವನ್ನು ರೂಪಿಸಿದವನು ಅದರ ಕೆಡುಕು ಮತ್ತು ಅದರ ಭಯಭಕ್ತಿಯನ್ನು ಅದಕ್ಕೆ ತಿಳಿಸಿಕೊಟ್ಟಿದ್ದಾನೆ. ಈ ತಿಳಿವು ಮುಸ್ಲಿಮನ ಸ್ವತ್ತಲ್ಲ, ಮನುಷ್ಯನಾಗಿ ಹುಟ್ಟಿದ ಪ್ರತಿಯೊಬ್ಬನ ಸ್ವತ್ತು. ಬಾವಿಯ ನೀರು ಕುಡಿಯುವವನಿಗೆ ಅದರ ಒರತೆ ಎಲ್ಲಿದೆಯೆಂದು ಗೊತ್ತಿರಲೇಬೇಕೆಂದಿಲ್ಲ. ‘ಒರತೆ ಇಲ್ಲವೇ ಇಲ್ಲ’ ಎಂದು ವಾದಿಸುವವನ ದಾಹವನ್ನೂ ಆ ನೀರು ತಣಿಸುತ್ತದೆ. ಆದರೆ ಒರತೆಯೇ ಇಲ್ಲದಿರುತ್ತಿದ್ದರೆ ಬಾವಿಯಲ್ಲಿ ನೀರಿರುತ್ತಿತ್ತೇ? ನಮ್ಮ ಎರಡನೆಯ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ.

ಸಮಾಜ ಒಪ್ಪಿದರೆ ಸಾಕೇ?

ಒಬ್ಬನಿಗೆ ಹಾಗಲಕಾಯಿ ಇಷ್ಟ, ಇನ್ನೊಬ್ಬನಿಗೆ ಇಷ್ಟವಿಲ್ಲ. ಇದರಲ್ಲಿ ಸರಿ-ತಪ್ಪು ಎಂಬುದಿಲ್ಲ. ಅದು ಅವರವರ ನಾಲಗೆಗೆ ಬಿಟ್ಟದ್ದು. ಹಸುಗೂಸನ್ನು ಕೊಲ್ಲುವುದು ತಪ್ಪು ಎಂಬುದೂ ಇಂಥದೇ ಒಂದು ಅಭಿರುಚಿಯೇ? ಅಥವಾ ಯಾರು ಒಪ್ಪಲಿ, ಬಿಡಲಿ, ಅದು ಎಂದೆಂದೂ ತಪ್ಪೇ?

ಅಜ್ಞಾನ ಕಾಲದ ಅರೇಬಿಯಾದಲ್ಲಿ ಕೆಲವು ಗೋತ್ರದವರು ಹೆಣ್ಣುಮಗುವನ್ನು ಜೀವಂತ ಹೂಳುತ್ತಿದ್ದರು. ಬಡತನದ ಭಯ, ಯುದ್ಧದಲ್ಲಿ ಸೆರೆಯಾದರೆ ಮಾನ ಹೋದೀತೆಂಬ ಅಳುಕು ಅದಕ್ಕೆ ಕಾರಣ. ಹೂಳಿದ ತಂದೆಯನ್ನು ಶಿಕ್ಷಿಸುವ ಕಾನೂನು ಇರಲಿಲ್ಲ. ಅವನನ್ನು ಹೀಯಾಳಿಸುವ ನೆರೆಹೊರೆಯೂ ಇರಲಿಲ್ಲ. ಹೆಣ್ಣು ಹುಟ್ಟಿತೆಂಬ ಸುದ್ದಿ ಕೇಳಿದಾಗ ತಂದೆಯ ಮುಖ ಕಪ್ಪಿಡುತ್ತಿದ್ದುದನ್ನೂ, ಅವನು ಜನರಿಂದ ಅಡಗಿಕೊಳ್ಳುತ್ತಿದ್ದುದನ್ನೂ 16ನೇ ಅಧ್ಯಾಯ ‘ಅನ್ನಹ್ಲ್’ ಚಿತ್ರಿಸಿದೆ. ಅಂದರೆ ಅಲ್ಲಿ ಮಗುವನ್ನು ಹೂಳುವುದಕ್ಕಿಂತ ಸಾಕುವುದೇ ಹೆಚ್ಚು ನಾಚಿಕೆಯ ವಿಷಯವಾಗಿತ್ತು.

ಅದೇ ಕಾಲದಲ್ಲಿ ತಮೀಮ್ ಗೋತ್ರದ ಸಅ್‌ಸಅ ಬಿನ್ ನಾಜಿಯ ಎಂಬವರಿದ್ದರು. ಹೂಳಲು ಸಿದ್ಧರಾದ ಹೆತ್ತವರಿಗೆ ಒಂಟೆಗಳನ್ನು ಕೊಟ್ಟು ಅವರು ಅನೇಕ ಹೆಣ್ಣುಮಕ್ಕಳ ಪ್ರಾಣ ಉಳಿಸಿದರು. ಪ್ರಸಿದ್ಧ ಕವಿ ಫರಝ್‌ದಕ್ ಇವರ ಮೊಮ್ಮಗ. ಒಳಿತು-ಕೆಡುಕನ್ನು ನಿರ್ಧರಿಸುವುದು ಸಮಾಜವೇ ಎಂದಾದರೆ ಸಅ್‌ಸಅ ಮಾಡಿದ್ದು ಸಮಾಜಕ್ಕೆ ವಿರುದ್ಧವಾದ ಕೆಲಸ, ಹೂಳಿದವರೇ ಸರಿ ಎನ್ನಬೇಕಾಗುತ್ತದೆ. ಇದನ್ನು ನಾಸ್ತಿಕನೂ ಒಪ್ಪಲಾರ. ಹಾಗಾದರೆ ಇಡೀ ಸಮಾಜವನ್ನೇ ಅಳೆದು ‘ನೀನು ತಪ್ಪು’ ಎನ್ನಬಲ್ಲ ಅಳತೆಗೋಲೊಂದು ಸಮಾಜದ ಹೊರಗೆ ಇರಲೇಬೇಕಲ್ಲವೇ?

ಕಾನೂನು ಮತ್ತು ನ್ಯೂರೆಂಬರ್ಗ್

ಸಮಾಜವನ್ನು ಬಿಟ್ಟು ಕಾನೂನನ್ನು ಹಿಡಿದರೂ ತೊಡಕು ತಪ್ಪದು. ಜರ್ಮನಿಯಲ್ಲಿ ಯಹೂದಿಯರ ಪೌರತ್ವದ ಹಕ್ಕನ್ನು ಕಿತ್ತುಕೊಂಡದ್ದು 1935ರಲ್ಲಿ ವಿಧಿವತ್ತಾಗಿ ಜಾರಿಯಾದ ಕಾನೂನು. ಮುಂದೆ ಅದೇ ಆಡಳಿತ ಲಕ್ಷಾಂತರ ಜನರನ್ನು ವ್ಯವಸ್ಥಿತವಾಗಿ ಕೊಂದಿತು. ಯುದ್ಧ ಮುಗಿದ ಮೇಲೆ 1945ರ ನವೆಂಬರ್‌ನಲ್ಲಿ ನ್ಯೂರೆಂಬರ್ಗ್‌ನಲ್ಲಿ ನಾಝಿ ನಾಯಕರ ವಿಚಾರಣೆ ಆರಂಭವಾಯಿತು. ಮೇಲಿನವರ ಆಜ್ಞೆ ಪಾಲಿಸಿದೆವು, ಕೃತ್ಯ ನಡೆದಾಗ ಇಲ್ಲದ ಕಾನೂನಿನಿಂದ ನಮ್ಮನ್ನು ಶಿಕ್ಷಿಸಬಾರದು ಎಂಬ ವಾದಗಳು ಆರೋಪಿಗಳ ಕಡೆಯಿಂದ ಬಂದವು. ನ್ಯಾಯಾಲಯ ಇವನ್ನು ಒಪ್ಪಲಿಲ್ಲ. ಆಜ್ಞೆ ಇತ್ತೇ ಎಂಬುದಕ್ಕಿಂತ ನೈತಿಕ ಆಯ್ಕೆಗೆ ಅವಕಾಶವಿತ್ತೇ ಎಂಬುದೇ ಒರೆಗಲ್ಲು ಎಂದಿತು. 1946ರ ಅಕ್ಟೋಬರ್ 1ರಂದು 12 ಮಂದಿಗೆ ಮರಣದಂಡನೆ ವಿಧಿಸಲಾಯಿತು.

ಈ ತೀರ್ಪಿನ ಅರ್ಥವೇನು? ದೇಶದ ಕಾನೂನಿಗಿಂತಲೂ, ನಾಯಕನ ಆಜ್ಞೆಗಿಂತಲೂ ಮೇಲಿನ ಒಂದು ನ್ಯಾಯವಿದೆ, ಅದು ಬರೆದಿರಲಿ, ಬಿಡಲಿ, ಪ್ರತಿಯೊಬ್ಬ ಮನುಷ್ಯನೂ ಅದಕ್ಕೆ ಬದ್ಧ ಎಂದಲ್ಲವೇ? ಆ ನ್ಯಾಯ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಮಾತ್ರ ಜಗತ್ತು ಬದಿಗಿಟ್ಟಿತು.

ಎರಡು ವರ್ಷಗಳ ಬಳಿಕ ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಘೋಷಣೆಯ ಕರಡು ಚರ್ಚೆಗೆ ಬಂದಾಗಲೂ ಹೀಗೆಯೇ ಆಯಿತು. ಮಾನವನು ದೇವನ ಸೃಷ್ಟಿ ಎಂಬ ಉಲ್ಲೇಖ ಅದರಲ್ಲಿರಲಿ ಎಂದು ಬ್ರೆಝಿಲ್ ಸೂಚಿಸಿತು. ಚರ್ಚೆಯ ನಂತರ ಅದನ್ನು ಕೈಬಿಡಲಾಯಿತು. 1948ರ ಡಿಸೆಂಬರ್ 10ರಂದು 48 ರಾಷ್ಟ್ರಗಳು ಘೋಷಣೆಯ ಪರ ಮತ ನೀಡಿದವು. 8 ರಾಷ್ಟ್ರಗಳು ತಟಸ್ಥವಾಗಿದ್ದವು. ವಿರುದ್ಧ ಒಂದು ಮತವೂ ಬೀಳಲಿಲ್ಲ. ಬೇರೆ ಬೇರೆ ನಂಬಿಕೆಯ ರಾಷ್ಟ್ರಗಳನ್ನು ಒಂದುಗೂಡಿಸಲು ಇದು ಅನಿವಾರ್ಯವಾಗಿದ್ದಿರಬಹುದು. ಆ ಘೋಷಣೆಯಿಂದ ಮನುಕುಲಕ್ಕಾದ ಪ್ರಯೋಜನವೂ ದೊಡ್ಡದು. ಆದರೆ ಮನುಷ್ಯನಿಗೆ ಹಕ್ಕುಗಳಿವೆ ಎಂದು ಒಪ್ಪಿದವರು, ಏಕಿವೆ ಎಂಬುದಕ್ಕೆ ಒಂದೇ ಉತ್ತರಕ್ಕೆ ಬರಲಿಲ್ಲ.

ಬುದ್ಧಿ, ಲಾಭ ಮತ್ತು ವಿಕಾಸ

ನೈತಿಕತೆಯು ವಿಕಾಸದ ಫಲ ಎಂಬುದು ಇಂದು ಹೆಚ್ಚಾಗಿ ಕೇಳಿಬರುವ ಉತ್ತರ. ಪರಸ್ಪರ ನೆರವಾದ ಗುಂಪುಗಳು ಉಳಿದವು, ಆದ್ದರಿಂದ ನಮ್ಮಲ್ಲಿ ಕರುಣೆ ಬೆಳೆಯಿತು ಎನ್ನುತ್ತಾರೆ. ಹಾಗೆಯೇ ಇರಲಿ. ಇದು ಕರುಣೆ ಹೇಗೆ ಬಂತೆಂದು ಹೇಳುತ್ತದೆ. ಕ್ರೌರ್ಯದಿಂದ ಲಾಭವಿರುವಾಗಲೂ ನಾನು ಕರುಣೆಯನ್ನೇ ಏಕೆ ಆರಿಸಬೇಕೆಂದು ಹೇಳುವುದಿಲ್ಲ. ನಮ್ಮಲ್ಲಿ ಸಿಟ್ಟೂ ಇದೆ, ಅನ್ಯರ ಬಗೆಗಿನ ಹಗೆಯೂ ಇದೆ. ಅವೂ ಅದೇ ದಾರಿಯಲ್ಲಿ ಬಂದಿದ್ದರೆ ಯಾವುದನ್ನು ಪಾಲಿಸಬೇಕು, ಯಾವುದನ್ನು ಅದುಮಬೇಕು?

ಬಹುಜನರ ಸುಖವೇ ಒಳಿತು ಎಂಬ ಉತ್ತರವೂ ಇದೆ. ಆದರೆ ಒಬ್ಬ ನಿರಪರಾಧಿಯನ್ನು ಬಲಿಕೊಟ್ಟರೆ ನೂರು ಮಂದಿಗೆ ಸುಖವಾಗುವುದಾದರೆ? ನಮ್ಮ ಮನಸ್ಸು ‘ಕೂಡದು’ ಎನ್ನುತ್ತದೆ. ಆ ‘ಕೂಡದು’ ಸುಖದ ಲೆಕ್ಕದಿಂದ ಬಂದುದಲ್ಲ.

ನಾಸ್ತಿಕ ಚಿಂತಕರಲ್ಲೂ ಇದರ ಬಗ್ಗೆ ಒಮ್ಮತವಿಲ್ಲ. ಕೆಲವರು ದೇವನಿಲ್ಲದೆಯೂ ನೈತಿಕ ಸತ್ಯಗಳು ಗಣಿತದ ಸತ್ಯಗಳಂತೆ ತಾವಾಗಿಯೇ ಇವೆ ಎನ್ನುತ್ತಾರೆ. ಆದರೆ ಎರಡು ಮತ್ತು ಎರಡು ನಾಲ್ಕು ಎಂಬ ಸತ್ಯ ಯಾರಿಂದಲೂ ಲೆಕ್ಕ ಕೇಳುವುದಿಲ್ಲ. ಹೂಳಲ್ಪಟ್ಟ ಮಗುವಿಗೆ ನ್ಯಾಯ ಕೊಡಿಸುವುದೂ ಇಲ್ಲ. ಆಸ್ಟ್ರೇಲಿಯಾ ಮೂಲದ ತತ್ವಜ್ಞಾನಿ ಜೆ.ಎಲ್. ಮ್ಯಾಕಿ ಸ್ವತಃ ನಾಸ್ತಿಕರು. ವಸ್ತುನಿಷ್ಠವಾದ ನೈತಿಕ ಮೌಲ್ಯಗಳು ಇಲ್ಲವೇ ಇಲ್ಲ ಎಂದು ಅವರು 1977ರ ತನ್ನ ಗ್ರಂಥದಲ್ಲಿ ನೇರವಾಗಿ ವಾದಿಸಿದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆದರೆ ಆ ತೀರ್ಮಾನದೊಂದಿಗೆ ಬದುಕಲು ನಮ್ಮ ಅಂತಃಸಾಕ್ಷಿ ಒಪ್ಪುವುದೇ?

ದೇವನು ಆಜ್ಞಾಪಿಸಿದ್ದೆಲ್ಲ ಒಳಿತೇ?

ಇಲ್ಲಿ ಒಂದು ಮರುಪ್ರಶ್ನೆ ಬರುತ್ತದೆ. ದೇವನು ಹೇಳಿದ್ದರಿಂದ ಒಂದು ಕಾರ್ಯ ಒಳಿತಾಗುತ್ತದೆಯೇ ಅಥವಾ ಒಳಿತಾದ ಕಾರಣ ದೇವನು ಅದನ್ನು ಹೇಳಿದನೇ? ಇದು ಗ್ರೀಕ್ ದಾರ್ಶನಿಕ ಪ್ಲೇಟೋನ ಕಾಲದ ಪ್ರಶ್ನೆ. ಮುಸ್ಲಿಮ್ ವಿದ್ವಾಂಸರೂ ಇದನ್ನು ಆಳವಾಗಿ ಚರ್ಚಿಸಿದ್ದಾರೆ. ಒಳಿತು-ಕೆಡುಕನ್ನು ಬುದ್ಧಿಯೇ ಅರಿಯಬಲ್ಲದೆಂದು ಮುಅ್‌ತಝಿಲಗಳು ವಾದಿಸಿದರು. ಅದನ್ನು ನಿರ್ಧರಿಸುವುದು ದೇವಾದೇಶವೇ ಎಂದರು ಅಶ್‌ಅರಿಗಳು. ಬುದ್ಧಿ ಅನೇಕ ವಿಷಯಗಳ ಒಳಿತು-ಕೆಡುಕನ್ನು ಗುರುತಿಸಬಲ್ಲದು, ಆದರೆ ಕಡ್ಡಾಯಗೊಳಿಸುವವನು ಅಲ್ಲಾಹನು ಎಂಬುದು ಮಾತುರೀದಿಗಳ ನಿಲುವು. ವಾದ ಏನೇ ಇರಲಿ, ಅಲ್ಲಾಹನ ಆಜ್ಞೆ ಮನಬಂದಂತೆ ಹೊರಡುವ ಅರಸನ ಫರ್ಮಾನಿನಂತಲ್ಲ ಎಂಬುದರಲ್ಲಿ ಸಂದೇಹವಿಲ್ಲ. ಅವನು ಕರುಣೆಯನ್ನು ತನ್ನ ಮೇಲೆ ಕಡ್ಡಾಯಗೊಳಿಸಿಕೊಂಡಿರುವನೆಂದು 6ನೇ ಅಧ್ಯಾಯ ‘ಅಲ್ ಅನ್‌ಆಮ್’ ಸಾರುತ್ತದೆ. ನ್ಯಾಯ ಮತ್ತು ಕರುಣೆ ಅವನ ಗುಣಗಳು. ಆದ್ದರಿಂದಲೇ ಅವು ಕಾಲಕ್ಕೂ ಬಹುಮತಕ್ಕೂ ತಕ್ಕಂತೆ ಬದಲಾಗುವುದಿಲ್ಲ.

ಹೆಣ್ಣುಮಗುವನ್ನು ಹೂಳುತ್ತಿದ್ದ ಸಮಾಜದ ಮುಂದೆ ಕುರ್‌ಆನ್ ಇಟ್ಟ ವಾದವನ್ನು ನೋಡಿ. 81ನೇ ಅಧ್ಯಾಯ ‘ಅತ್ತಕ್ವೀರ್’ ಅಂತ್ಯದಿನವನ್ನು ವರ್ಣಿಸುತ್ತಾ, ಜೀವಂತ ಹೂಳಲ್ಪಟ್ಟ ಆ ಮಗುವನ್ನು ಯಾವ ಅಪರಾಧಕ್ಕಾಗಿ ಕೊಲ್ಲಲಾಯಿತೆಂದು ಅಂದು ವಿಚಾರಿಸಲಾಗುವುದು ಎನ್ನುತ್ತದೆ. ಲೋಕದಲ್ಲಿ ಅವಳಿಗೆ ವಕೀಲರಿರಲಿಲ್ಲ, ಹೆಸರೂ ಇರಲಿಲ್ಲ. ಅವಳ ದೂರನ್ನು ಸ್ವೀಕರಿಸುವ ನ್ಯಾಯಾಲಯವಿದೆ ಎಂಬ ನಂಬಿಕೆಯೇ ಆ ಪದ್ಧತಿಯನ್ನು ಬೇರುಸಹಿತ ಕಿತ್ತಿತು.

ನಂಬಿಕೆ ನಾಲಗೆಯಲ್ಲಿ ಮಾತ್ರವಿದ್ದರೆ

ಇಷ್ಟು ಹೇಳಿ ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 1994ರಲ್ಲೇ ಬಂತು. ಆದರೂ ಆರು ವರ್ಷದೊಳಗಿನ ಪ್ರತಿ 1000 ಗಂಡುಮಕ್ಕಳಿಗೆ 1991ರಲ್ಲಿ 945ರಷ್ಟಿದ್ದ ಹೆಣ್ಣುಮಕ್ಕಳ ಸಂಖ್ಯೆ 2011ರ ಜನಗಣತಿಯಲ್ಲಿ 918ಕ್ಕೆ ಇಳಿದಿತ್ತು. 2023ರಲ್ಲಿ ನಮ್ಮದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ವೈದ್ಯರೂ ಸೇರಿದಂತೆ ಹಲವರನ್ನು ಬಂಧಿಸಲಾಯಿತು. ಈ ದೇಶದಲ್ಲಿ ದೇವನನ್ನು ನಿರಾಕರಿಸುವವರು ಬೆರಳೆಣಿಕೆಯಷ್ಟು. ಹಾಗಾದರೆ ಆ ಹೆಣ್ಣುಮಕ್ಕಳನ್ನು ಇಲ್ಲವಾಗಿಸಿದವರು ಯಾರು? ಬಹುಪಾಲು ದೇವನ ಹೆಸರು ಹೇಳುವವರೇ.

ನಮ್ಮ ಸಮುದಾಯವೂ ಕನ್ನಡಿ ನೋಡಿಕೊಳ್ಳಬೇಕು. ನಿಕಾಹ್‌ನಲ್ಲಿ ಮಹ್ರ್ ಕೊಡಬೇಕಾದವನೇ ವಧುವಿನ ತಂದೆಯ ಮುಂದೆ ಚಿನ್ನದ ಪಟ್ಟಿ ಇಡುತ್ತಾನೆ. ಐದು ಹೊತ್ತಿನ ನಮಾಝ್ ಮಾಡುವ ವ್ಯಾಪಾರಿಯ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲೆಂದೇ ಕುರ್‌ಆನ್‌ನಲ್ಲಿ 83ನೇ ಅಧ್ಯಾಯ ‘ಅಲ್ ಮುತಫ್ಫಿಫೀನ್’ ಇದೆ. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ಜನರನ್ನು ಬೈದ, ಹೊಡೆದ, ಅವರ ಸೊತ್ತು ಕಬಳಿಸಿದ ಕಾರಣಕ್ಕೆ ತನ್ನ ಪುಣ್ಯವನ್ನೆಲ್ಲ ಕಳೆದುಕೊಳ್ಳುವವನೇ ನಿಜವಾದ ದಿವಾಳಿ ಎಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ.

ಹಝ್ರತ್ ಉಮರ್(ರ)ರ ಕಾಲದ ಹಾಲು ಮಾರುವ ಹುಡುಗಿಯ ಪ್ರಸಂಗ ಅನೇಕರಿಗೆ ತಿಳಿದಿದೆ. ಹಾಲಿಗೆ ನೀರು ಬೆರೆಸು, ಖಲೀಫರು ನೋಡುತ್ತಿಲ್ಲ ಎಂದ ತಾಯಿಗೆ, ಅವರು ನೋಡದಿದ್ದರೂ ಅವರ ಪ್ರಭು ನೋಡುತ್ತಿದ್ದಾನೆ ಎಂದು ಆಕೆ ಉತ್ತರಿಸಿದಳಂತೆ. ದೇವವಿಶ್ವಾಸ ನೈತಿಕತೆಗೆ ಕೊಡುವ ಬುನಾದಿ ಇದು. ಅದು ಪುಸ್ತಕದಲ್ಲಿದ್ದರೆ ಸಾಲದು, ಹಾಲಿನ ಪಾತ್ರೆಯ ಬಳಿಯೂ ಇರಬೇಕು.

ಆದ್ದರಿಂದ ಮಕ್ಕಳು ಪ್ರಶ್ನೆ ಕೇಳಿದರೆ ಹೆದರದಿರಿ. ನಂಬದವರ ಒಳ್ಳೆಯತನವನ್ನು ಮನಸಾರೆ ಒಪ್ಪಿಕೊಳ್ಳಿ. ಆ ಒಳ್ಳೆಯತನ ಎಲ್ಲಿಂದ ಬಂತು, ಯಾರೂ ಕಾಣದ ಕಡೆಯೂ ಅದೇಕೆ ನಮ್ಮನ್ನು ಬಿಡುವುದಿಲ್ಲ ಎಂದು ಅವರೊಂದಿಗೆ ಕೂತು ಯೋಚಿಸಿ. ಮಕ್ಕಳು ನಮ್ಮ ವಾದವನ್ನು ಕೇಳುವುದಕ್ಕಿಂತ ಹೆಚ್ಚು ನಮ್ಮ ವ್ಯವಹಾರವನ್ನು ನೋಡುತ್ತಾರೆ. ತಂದೆ ಕೊಡಬೇಕಾದ ಸಾಲವನ್ನು ಮಾತು ಕೊಟ್ಟ ದಿನವೇ ತೀರಿಸಿದರೆ, ತಾಯಿ ಸೊಸೆಯನ್ನೂ ಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ದೇವವಿಶ್ವಾಸದಿಂದ ಏನು ಪ್ರಯೋಜನ ಎಂದು ಆ ಮನೆಯ ಮಕ್ಕಳು ಇನ್ನೊಬ್ಬರಲ್ಲಿ ಕೇಳಬೇಕಾಗಿ ಬರುವುದಿಲ್ಲ.